ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾಗುತ್ತದೆಯೇ?

ಪ್ರಶ್ನೆ: ನನ್ನ ತವರು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ, ನನ್ನನ್ನು ಗಂಗಾವತಿ ಕಡೆ ಕೊಟ್ಟಿದ್ದಾರೆ. ತವರಿನಲ್ಲಿ ಅವ್ವ, ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ತಮ್ಮನಿಗೆ 34 ವರ್ಷ. ದಾಳಿಂಬೆಗೆ ದುಂಡಾಣು ರೋಗ ಬಿದ್ದು ಎರಡು ವರ್ಷ ಫಸಲು ಕೈಗೆ ಹತ್ತಿಲ್ಲ, ಹೊಸದಾಗಿ ಹಾಕಿಸಿದ ಬೋರಿಗೆ ನೀರು ಬೀಳಲಿಲ್ಲ. ಬ್ಯಾಂಕು, ಸಂಘ, ಊರಾಗಿನ ಕೈಸಾಲ ಎಲ್ಲ ಇದೆ. ಎರಡು ತಿಂಗಳಿಂದ ರಾತ್ರಿ ಮಲಗುವುದಿಲ್ಲ, ಕುಡಿತ ಹೆಚ್ಚಾಗಿದೆ. ಹೋದ ವಾರ ಫೋನ್ ಮಾಡಿ, ‘ಯಕ್ಕಾ, ಪಾಸ್‌ಬುಕ್ಕು, ಪಹಣಿ ಎಲ್ಲ ಟ್ರಂಕಿನ್ಯಾಗ ಅದಾವ ನೋಡು, ನಿನಗ ಗೊತ್ತಿರ್ಲಿ’ ಅಂದ. ಗೆಳೆಯನಿಗೆ ತನ್ನ ವಾಚು ಬಿಚ್ಚಿ ಕೊಟ್ಟನಂತೆ. ಈಗ ನಾಲ್ಕು ದಿನದಿಂದ ಎಲ್ಲರ ಜೊತೆ ನಗುನಗುತ್ತ ಇದ್ದಾನೆ, ಸರಿಹೋದ ಅಂತಾಳೆ ಅವ್ವ. ನನಗೆ ಮಾತ್ರ ಹೆದರಿಕೆ ಹೋಗಿಲ್ಲ. ನೇರವಾಗಿ ಕೇಳುತ್ತೇನೆ ಅಂದರೆ ‘ಇಲ್ಲದ್ದ ತಲ್ಯಾಗ ಹಾಕಬ್ಯಾಡ’ ಎಂದು ಬೈಯುತ್ತಾಳೆ. ಅವನ ಹೆಂಡತಿಗೆ ಹೇಳಬೇಕೋ ಬೇಡವೋ ಅದೂ ತಿಳಿಯುತ್ತಿಲ್ಲ. ನಾನು ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ ಮೂರು ಮಾತು ಹೇಳಿದ್ದೆ. ಇವತ್ತೇ ತವರಿಗೆ ಹೊರಡಿ, ಅವನೊಬ್ಬನನ್ನೇ ಬಿಡಬೇಡಿ, ತೋಟಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಎಲ್ಲೆಲ್ಲಿ ಇದೆಯೋ ಅಲ್ಲಿಂದ ತೆಗೆಸಿ. ನೀವು ಅಂದೇ ಸಂಜೆ ಬಸ್ಸು ಹತ್ತಿದಿರಿ, ಒಳ್ಳೆಯದಾಯಿತು. ಆ ಅವಸರದಲ್ಲಿ ಹೇಳಲಾಗದೆ ಉಳಿದದ್ದನ್ನು ಈಗ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಹೆದರಿಕೆಯನ್ನು ಎದೆಯಲ್ಲಿಟ್ಟುಕೊಂಡು ಯಾರಿಗೂ ಹೇಳದೆ ಕೂತಿರುವ ಅಕ್ಕಂದಿರು, ಅವ್ವಂದಿರು, ಗೆಳೆಯರು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಇದ್ದಾರೆ. ಅವರಿಗೂ ಇದು ಸೇರಲಿ.

ಮೊದಲು ಅವ್ವನ ಮಾತಿಗೆ ಬರೋಣ. ಅವರ ಹೆದರಿಕೆ ತಾಯಿಯ ಹೆದರಿಕೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಆ ಮಾತು ನಿಜವಲ್ಲ. ‘ಸಾಯಬೇಕು ಅನಿಸುತ್ತಿದೆಯಾ’ ಎಂದು ಕೇಳುವುದರಿಂದ ಸಾಯುವ ವಿಚಾರ ಹುಟ್ಟುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ ಇದನ್ನು ಅಧ್ಯಯನ ಮಾಡಿ ನೋಡಿದ್ದಾರೆ. ಕೇಳಿಸಿಕೊಂಡವರಲ್ಲಿ ಅಂಥ ವಿಚಾರ ಹೆಚ್ಚಾಗಿದ್ದು ಕಂಡುಬಂದಿಲ್ಲ, ಎಷ್ಟೋ ಜನರಿಗೆ ಎದೆ ಹಗುರಾಗಿದೆ. ನನ್ನ ಹೊರರೋಗಿ ವಿಭಾಗದಲ್ಲಿ ದಿನಾ ಕಾಣುವುದೂ ಇದೇ. ನೇರವಾಗಿ ಕೇಳಿದಾಗ ಸಿಟ್ಟಾದವರು ಕಡಿಮೆ, ಕಣ್ಣೀರು ಹಾಕಿದವರು ಹೆಚ್ಚು. ‘ಇಷ್ಟ ದಿನ ಯಾರೂ ಕೇಳಿರಲಿಲ್ರೀ’ ಅನ್ನುತ್ತಾರೆ. ಆ ವಿಚಾರವನ್ನು ಅವರು ಆಗಲೇ ತಿಂಗಳುಗಟ್ಟಲೆ ಒಬ್ಬರೇ ಹೊತ್ತಿರುತ್ತಾರೆ.

ಆದರೆ ಕೇಳುವ ರೀತಿ ಇದೆ. ಅವನು ಕುಡಿಯದೇ ಇರುವ ಹೊತ್ತು, ಮಕ್ಕಳು ಮಲಗಿದ ಮೇಲೆ, ಮನೆ ಮುಂದಿನ ಕಟ್ಟೆ ಮೇಲೆ ಅವನ ಪಕ್ಕಕ್ಕೆ ಕೂಡಿರಿ. ಎದುರಿಗೆ ಕೂತರೆ ವಿಚಾರಣೆ ಅನಿಸುತ್ತದೆ. ಟಿವಿ ಬಂದ್ ಇರಲಿ, ನಿಮ್ಮ ಫೋನ್ ಒಳಗಿರಲಿ. ನೀವು ಕಂಡದ್ದರಿಂದ ಶುರು ಮಾಡಿ. ‘ತಮ್ಮಾ, ಪಾಸ್‌ಬುಕ್ಕು ಎಲ್ಲೈತಿ ಅಂತ ಹೇಳಿದ್ಯಲ್ಲ, ಅವತ್ತಿಂದ ನನಗ ನಿದ್ದಿ ಹತ್ತಿಲ್ಲ. ಸಾಯಬೇಕು ಅಂತ ಏನರ ಮನಸಿನ್ಯಾಗ ಬಂದೈತೇನು?’ ಇಷ್ಟೇ. ಸುತ್ತಿ ಬಳಸಿ ಕೇಳಬೇಡಿ. ನಮ್ಮಲ್ಲಿ ಬಹಳ ಜನ ‘ಹಂಗೇನೂ ವಿಚಾರ ಮಾಡಿಲ್ಲ ಹೌದಿಲ್ಲೊ?’ ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ಅವನಿಂದ ‘ಇಲ್ಲ’ ಎಂಬ ಉತ್ತರವನ್ನು ಬೇಡುತ್ತದೆ, ಅವನೂ ನಿಮ್ಮ ಸಮಾಧಾನಕ್ಕೆ ಅದನ್ನೇ ಕೊಡುತ್ತಾನೆ.

ಕೇಳಿದ ಮೇಲೆ ಸುಮ್ಮನಿರಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅವನು ಎರಡು ನಿಮಿಷ ಮಾತಾಡದೆ ನೆಲ ನೋಡಬಹುದು, ಬೀಡಿ ಹಚ್ಚಬಹುದು. ಆ ಮೌನವನ್ನು ನಿಮ್ಮ ಮಾತಿನಿಂದ ತುಂಬಬೇಡಿ. ‘ಹೂಂ ಯಕ್ಕಾ, ಬಂದೈತಿ’ ಅಂದರೆ ಚೀರಬೇಡಿ, ಬಾಯಿ ಬಡಿದುಕೊಳ್ಳಬೇಡಿ. ‘ಹೇಳಿದ್ದು ಚಲೋ ಆತು. ನಾನು ಇಲ್ಲೇ ಇರ್ತೀನಿ’ ಅನ್ನಿ. ಆಮೇಲೆ ಇನ್ನೂ ಮೂರು ಸಂಗತಿ ತಿಳಿದುಕೊಳ್ಳಬೇಕು. ಹೇಗೆ ಎಂದು ಯೋಚಿಸಿದ್ದಾನೆಯೇ, ಯಾವಾಗ ಎಂದು ಮನಸ್ಸಿನಲ್ಲಿ ಇದೆಯೇ, ಅದಕ್ಕಾಗಿ ಏನಾದರೂ ತಂದಿಟ್ಟಿದ್ದಾನೆಯೇ. ‘ಒಮ್ಮೊಮ್ಮೆ ಬದುಕು ಬ್ಯಾಡ ಅನ್ನಿಸ್ತೈತಿ, ಆದರ ಮಾಡಿಕೊಳ್ಳಾಂಗಿಲ್ಲ’ ಅನ್ನುವವನಿಗೂ, ಹೇಗೆ ಯಾವಾಗ ಎರಡೂ ಗೊತ್ತುಮಾಡಿಕೊಂಡವನಿಗೂ ಬಹಳ ಅಂತರವಿದೆ. ಮೊದಲನೆಯವನನ್ನು ಈ ವಾರದಲ್ಲಿ ವೈದ್ಯರ ಹತ್ತಿರ ಕರೆದೊಯ್ಯಿರಿ. ಎರಡನೆಯವನನ್ನು ಅದೇ ರಾತ್ರಿ.

ಅವನು ಸಿಟ್ಟಿಗೆದ್ದು ‘ನಿನಗ ಹುಚ್ಚ ಹಿಡದೈತೇನು’ ಎಂದರೆ ವಾದಕ್ಕಿಳಿಯಬೇಡಿ. ‘ಇಲ್ಲ ಅಂದ್ರ ಬಹಳ ಚಲೋ. ಬಂದ್ರ ಮೊದಲು ನನಗ ಹೇಳು’ ಅಂದು ಬಿಡಿ. ಬಾಗಿಲು ತೆರೆದಿದೆ ಎಂದು ಅವನಿಗೆ ಗೊತ್ತಾಯಿತಲ್ಲ, ಎರಡು ದಿನ ಬಿಟ್ಟು ಮತ್ತೆ ಕೇಳಬಹುದು. ಅವನು ಇಲ್ಲ ಎಂದರೂ ಮುಂದೆ ಹೇಳುವ ಎಣ್ಣೆಯ ಕೆಲಸವನ್ನು ಮಾತ್ರ ನಿಲ್ಲಿಸಬೇಡಿ.

ಈಗ ನೀವು ಬರೆದ ಲಕ್ಷಣಗಳು. ‘ಜೀವ ಸಾಕಾಗೇತಿ’ ಎಂಬ ಮಾತನ್ನು ನಮ್ಮ ಊರುಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇವೆ, ಅದೊಂದನ್ನೇ ಹಿಡಿದು ಹೆದರಬೇಕಾಗಿಲ್ಲ. ನೋಡಬೇಕಾದ್ದು ಬದಲಾವಣೆಯನ್ನು. ನಿದ್ದೆ ಕೆಟ್ಟಿದೆ, ಕುಡಿತ ಏರಿದೆ, ಕಾಗದಪತ್ರ ಒಪ್ಪಿಸಿದ್ದಾನೆ, ಕೈಗಡಿಯಾರ ಕೊಟ್ಟುಬಿಟ್ಟಿದ್ದಾನೆ. ಒಂದೊಂದಕ್ಕೂ ಬೇರೆ ಬೇರೆ ಕಾರಣ ಹೇಳಬಹುದು, ಎಲ್ಲವೂ ಕೂಡಿ ಎರಡು ತಿಂಗಳಲ್ಲಿ ಬಂದಿವೆ ಎಂದರೆ ಕಾರಣ ಹುಡುಕುತ್ತ ಕೂಡುವ ಹೊತ್ತಲ್ಲ. ಹಿಂದೆ ಒಮ್ಮೆ ಪ್ರಯತ್ನ ಮಾಡಿದ್ದರೆ ಅಥವಾ ಹತ್ತಿರದ ಸಂಬಂಧಿಕರಲ್ಲಿ ಯಾರಾದರೂ ಹೀಗೆ ಹೋಗಿದ್ದರೆ ಅಪಾಯ ಇನ್ನೂ ಹೆಚ್ಚು.

ನನಗೆ ಎಲ್ಲಕ್ಕಿಂತ ಚಿಂತೆ ಹಚ್ಚಿದ್ದು ನಿಮ್ಮ ಅವ್ವನಿಗೆ ಸಮಾಧಾನ ತಂದ ಆ ನಾಲ್ಕು ದಿನದ ನಗು. ತಿಂಗಳುಗಟ್ಟಲೆ ಇರಲೋ ಬೇಡವೋ ಎಂದು ಒಳಗೇ ಒದ್ದಾಡಿದವನು ಒಂದು ತೀರ್ಮಾನಕ್ಕೆ ಬಂದಾಗ ಆ ಒದ್ದಾಟ ನಿಂತು ಮುಖ ತಿಳಿಯಾಗುವುದುಂಟು. ನಿಜವಾಗಿ ಸುಧಾರಿಸಿರಲೂಬಹುದು. ಗುರುತಿಸುವುದು ಹೀಗೆ: ಸುಧಾರಿಸಿದವನಿಗೆ ಮೊದಲು ನಿದ್ದೆ, ಊಟ ಸರಿಹೋಗುತ್ತದೆ, ಅವನ ಮಾತಿನಲ್ಲಿ ಮುಂದಿನ ವಾರ ಬರುತ್ತದೆ. ಸಂತೆಗೆ ಏನು ತರಬೇಕು, ಮಗಳ ಸಾಲಿ ಫೀಸು ಯಾವಾಗ ಕಟ್ಟಬೇಕು ಎನ್ನುತ್ತಾನೆ. ಅದ್ಯಾವುದೂ ಇಲ್ಲದೆ, ಸಾಲವೂ ಹಾಗೇ ಇದ್ದು, ರಾತ್ರಿ ನಿದ್ದೆಯೂ ಬಾರದೆ, ಬರೀ ಮುಖದ ಮೇಲೆ ನಗು ಬಂದಿದ್ದರೆ ಅದನ್ನು ನಂಬಬೇಡಿ.

ಇನ್ನೊಂದು ಸಂಗತಿ ಗಂಡಸರದ್ದು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಜನ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ, ಅದರಲ್ಲಿ 1,22,724 ಗಂಡಸರು. ನಮ್ಮ ಕಡೆಯ ಗಂಡಸು ‘ದುಃಖ ಆಗೇತಿ’ ಎಂದು ಬಂದು ಹೇಳುವುದಿಲ್ಲ. ‘ಎದಿ ಉರಿತೈತಿ, ಕೈಕಾಲು ಜೋಮು ಹಿಡಿತಾವ, ತಲಿ ಭಾರ’ ಎಂದು ಬರುತ್ತಾನೆ, ಗ್ಲುಕೋಸ್ ಹಾಕಿಸಿಕೊಂಡು ಹೋಗುತ್ತಾನೆ. ಮನೆಯಲ್ಲಿ ಅವನ ದುಃಖ ಸಿಟ್ಟಾಗಿ ಕಾಣುತ್ತದೆ. ಮಕ್ಕಳ ಮೇಲೆ ರೇಗುತ್ತಾನೆ, ತಾಟು ನೂಕಿ ಏಳುತ್ತಾನೆ. ಮನೆಯವರೂ ಅವನನ್ನು ಬೈಯಲು ಶುರು ಮಾಡುತ್ತಾರೆ.

ಈಗ ಎಣ್ಣೆಯ ವಿಷಯ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಾಯಬೇಕೆಂಬ ತೀವ್ರ ಒತ್ತಡ ದಿನವಿಡೀ ಒಂದೇ ಸಮ ಇರುವುದಿಲ್ಲ. ಬಹಳ ಜನರಲ್ಲಿ ಅದು ಕೆಲವು ನಿಮಿಷ, ಕೆಲವು ತಾಸು ಏರಿ ಇಳಿಯುತ್ತದೆ. ಮೇಲೆ ಮಳೆಯಾಗಿ ಹಳ್ಳ ತುಂಬಿ ಬಂದಾಗ ಈ ದಂಡೆಯಲ್ಲೇ ಕೂತು ಕಾದರೆ ನೀರು ಇಳಿಯುತ್ತದಲ್ಲ, ಹಾಗೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ‘ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾನೆ’ ಅನ್ನುವವರಿದ್ದಾರೆ. ಬಹುಪಾಲು ಜನ ಹಾಗೆ ಹುಡುಕಿಕೊಂಡು ಹೋಗುವುದಿಲ್ಲ. ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದರು. ಮುಂದಿನ ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಬಂತು. ಆ ಹತ್ತು ವರ್ಷ ಅಲ್ಲಿ ಬಡತನವೂ ಇತ್ತು, ಕುಡಿತವೂ ಇತ್ತು, ಯುದ್ಧವೂ ನಡೆದಿತ್ತು.

ದಾಳಿಂಬೆ ತೋಟದವರ ಮನೆಯಲ್ಲಿ ಎಣ್ಣೆ ಒಂದೇ ಕಡೆ ಇರುವುದಿಲ್ಲ. ಮೋಟರ್ ಮನೆಯ ಗೂಡಿನಲ್ಲಿ ಅರ್ಧ ಉಳಿದ ಬಾಟಲಿ, ದನದ ಕೊಟ್ಟಿಗೆಯಲ್ಲಿ ಹೊಡೆಯುವ ಪಂಪಿನ ಪಕ್ಕ ಇನ್ನೊಂದು, ಅಡುಗೆಮನೆಯ ಅಟ್ಟದ ಮೇಲೆ ಹೋದ ವರ್ಷದ್ದು, ಬೈಕಿನ ಡಿಕ್ಕಿಯಲ್ಲಿ ನಿನ್ನೆ ತಂದದ್ದು. ಹೆಂಗಸರಿಗೆ ಇವುಗಳಲ್ಲಿ ಒಂದೆರಡರ ಲೆಕ್ಕ ಮಾತ್ರ ಗೊತ್ತಿರುತ್ತದೆ. ಒಂದು ಸುತ್ತು ಹಾಕಿ ಎಲ್ಲವನ್ನೂ ಕೂಡಿಸಿ ಬೇರೆಯವರ ಮನೆಗೆ ಸಾಗಿಸಿ. ನಿಮ್ಮ ಮನೆಯ ಪೆಟ್ಟಿಗೆಗೆ ಬೀಗ ಹಾಕುವುದಕ್ಕಿಂತ ಅದು ಮೇಲು. ಹಾಗೆ ಆಗದಿದ್ದರೆ ಬೀಗ ಹಾಕಿ, ಕೀಲಿ ಅವನಿಗೆ ಗೊತ್ತಿಲ್ಲದ ಕಡೆ ಇರಲಿ. ಇನ್ನೂ ಎರಡು ಮೂರು ತಿಂಗಳು ತೋಟಕ್ಕೆ ಎಣ್ಣೆ ಹೊಡೆಯುವುದಿದ್ದರೆ ಬೇರೆಯವರು ಹೊಡೆಯಲಿ, ಅಂದಿನ ಅಂದಿಗೆ ತಂದು ಮುಗಿಸಲಿ. ಗೊಬ್ಬರದ ಅಂಗಡಿಯವರಿಗೂ ಒಂದು ಮಾತು ಹೇಳಿಡಿ, ಅವನಿಗೆ ಉದ್ರಿ ಕೊಡಬೇಡಿ ಎಂದು. ಅವ್ವನ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನೂ ಮರೆಯಬೇಡಿ.

ಸಿಂಧನೂರು ಕಡೆಯ ಒಬ್ಬ ರೈತರು ವರ್ಷಗಳ ನಂತರ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಅವರ ಹೆಂಡತಿ ಯಾರಿಗೂ ಹೇಳದೆ ಎಲ್ಲ ಬಾಟಲಿಗಳನ್ನು ತನ್ನ ಅಣ್ಣನ ಮನೆಗೆ ಸಾಗಿಸಿದ್ದರು. ‘ಆ ರಾತ್ರಿ ಎದ್ದು ಹುಡುಕಿದೆ ಸರ್, ಎಲ್ಲೂ ಸಿಗಲಿಲ್ಲ. ಸಿಟ್ಟು ಬಂತು. ಅಂಗಳದಾಗ ಕೂತೆ. ಕೋಳಿ ಕೂಗಿತು, ಸಣ್ಣ ಮಗಳು ಎದ್ದು ಬಂದು ಅಪ್ಪಾ ಇಲ್ಲ್ಯಾಕ ಕುಂತಿ ಅಂದ್ಲು.’ ಅವರು ಚಿಕಿತ್ಸೆ ಪಡೆದರು, ಈಗಲೂ ಭತ್ತ ಹಚ್ಚುತ್ತಾರೆ.

ಕೆಲವು ಮಾತುಗಳನ್ನು ಈ ಹೊತ್ತಿನಲ್ಲಿ ಆಡಬೇಡಿ. ‘ಹೆಂಡ್ತಿ ಮಕ್ಕಳ ಮುಖ ನೋಡು’ ಎನ್ನುವುದು ಪ್ರೀತಿಯಿಂದಲೇ ಬರುತ್ತದೆ, ಆದರೆ ಅವನು ಆಗಲೇ ಅವರಿಗೆ ತಾನೊಂದು ಭಾರ ಎಂದು ನಂಬಿ ಕೂತಿದ್ದಾನೆ, ಅವರ ಮುಖ ನೋಡಿದಷ್ಟೂ ಆ ನಂಬಿಕೆ ಬಲವಾಗುತ್ತದೆ. ‘ನೀ ಇಲ್ಲ ಅಂದ್ರ ನಮಗ ನಡ್ಯಾಂಗಿಲ್ಲ, ನೀ ಬೇಕು’ ಎನ್ನುವುದು ಬೇರೆ, ಅದನ್ನು ಎಷ್ಟು ಸಲವಾದರೂ ಹೇಳಿ. ‘ನಿನಗಿಂತ ಕಷ್ಟದಾಗ ಇರೋರು ಬದುಕಿಲ್ಲೇನು’, ‘ಗಂಡಸಾಗಿ ಹಿಂಗ ಅಂಜ್ತೀಯಲ್ಲ’ ಎಂಬಂಥವು ಬೇಡವೇ ಬೇಡ. ಮಗನ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಆಣೆ ಮಾಡಿದ ಎಂದು ಮನೆಯವರು ಕಾಯುವುದನ್ನು ಬಿಡುತ್ತಾರೆ, ಆ ಒತ್ತಡ ಏರಿದಾಗ ಆಣೆ ನೆನಪಿಗೆ ಬರುವುದಿಲ್ಲ. ಹಾಗೆಯೇ ‘ಯಾರಿಗೂ ಹೇಳಂಗಿಲ್ಲ’ ಎಂದು ನೀವು ಮಾತು ಕೊಡಬೇಡಿ. ‘ಊರಿಗೆಲ್ಲ ಹೇಳಾಂಗಿಲ್ಲ, ನಿನ್ನ ಉಳಿಸಾಕ ಯಾರಿಗೆ ಬೇಕೊ ಅವರಿಗೆ ಹೇಳ್ತೀನಿ’ ಎಂದು ನೇರವಾಗಿ ಹೇಳಿ.

ಅವನ ಹೆಂಡತಿಗೆ ಖಂಡಿತ ಹೇಳಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ರಾತ್ರಿ ಎರಡಕ್ಕೆ ಅವನು ಎದ್ದು ಹೊರಗೆ ಹೋದರೆ ಗೊತ್ತಾಗುವುದು ಆಕೆಗೆ. ಆಕೆ ಸಣ್ಣವಳು, ಅಂಜುತ್ತಾಳೆ ಎಂದು ಮುಚ್ಚಿಡುವುದು ಆಕೆಗೆ ಮಾಡುವ ಅನ್ಯಾಯ. ಆಕೆಯ ಮೇಲೆ ತಪ್ಪು ಹೊರಿಸದಂತೆ ಹೇಳಿ, ಅವ್ವನ ಕಡೆಯಿಂದಲೂ ಅಂಥ ಮಾತು ಬಾರದಂತೆ ನೋಡಿಕೊಳ್ಳಿ. ಅವನು ಗೌರವ ಕೊಡುವ ಸೋದರಮಾವನೋ ಗೆಳೆಯನೋ ಒಬ್ಬರನ್ನು ಸೇರಿಸಿಕೊಳ್ಳಿ. ಕಾಯುವ ಸರದಿ ಹಂಚಿಕೊಳ್ಳಿ. ಒಬ್ಬರೇ ಮೂರು ರಾತ್ರಿ ಎಚ್ಚರ ಇದ್ದರೆ ನಾಲ್ಕನೇ ರಾತ್ರಿ ಅವರ ಕಣ್ಣು ತಾನಾಗಿ ಮುಚ್ಚುತ್ತದೆ. ನೀವೂ ಊಟ ಬಿಡಬೇಡಿ.

ಚಿಕಿತ್ಸೆಗೆ ದೂರ ಹೋಗಬೇಕಿಲ್ಲ. ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜು ಮೂರರಲ್ಲೂ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಸಾಮಾನ್ಯವಾಗಿ ಮಂಗಳವಾರ, ಆಶಾ ಕಾರ್ಯಕರ್ತೆಯನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಅಲ್ಲಿಯವರೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಚಿಕಿತ್ಸೆ ಶುರು ಮಾಡಬಲ್ಲರು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಸಿಗಬೇಕು ಎಂಬ ವಿಚಾರವನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಬುನಾದಿ.

ಅವನು ‘ನನಗೇನು ಹುಚ್ಚೈತೇನು’ ಎಂದು ಬರಲು ಒಪ್ಪದಿದ್ದರೆ ನಿದ್ದೆಯ ಮಾತು ತೆಗೆಯಿರಿ. ಎರಡು ತಿಂಗಳಿಂದ ನಿದ್ದೆಯಿಲ್ಲ ಎನ್ನುವುದು ಸುಳ್ಳಲ್ಲ, ಅದಕ್ಕೆ ಔಷಧಿ ತರೋಣ ಎಂದರೆ ಬಹಳ ಜನ ಬರುತ್ತಾರೆ. ವೈದ್ಯರಿಗೆ ನೀವು ಮೊದಲೇ ಎಲ್ಲ ತಿಳಿಸಿ. ಅವರು ಗುಳಿಗೆ ಬರೆದುಕೊಟ್ಟರೆ, ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ‘ಒಂದು ವಾರ ತಗೊಂಡೆ, ಏನೂ ಆಗ್ಲಿಲ್ಲ’ ಎಂದು ಬಿಟ್ಟುಬಿಡುವುದೇ ನಾವು ಕಾಣುವ ದೊಡ್ಡ ತೊಂದರೆ. ಆ ಮೊದಲ ವಾರಗಳಲ್ಲಿ ಮೈಗೆ ಚೈತನ್ಯ ಮೊದಲು ಬಂದು ಮನಸ್ಸಿನ ಭಾರ ಆಮೇಲೆ ಇಳಿಯುವುದುಂಟು, ಹಾಗಾಗಿ ಕಾವಲು ಸಡಿಲ ಬಿಡಬಾರದು. ಗುಳಿಗೆಗಳನ್ನೆಲ್ಲ ಅವನ ಕೈಗೆ ಕೊಡದೆ, ಹೊತ್ತು ಹೊತ್ತಿಗೆ ಒಂದೊಂದೇ ಕೊಡಿ. ಕುಡಿತದ ವಿಷಯವನ್ನೂ ವೈದ್ಯರಿಗೆ ಮುಚ್ಚಿಡಬೇಡಿ. ಹುಲಿಗೆಮ್ಮನ ಹತ್ತಿರ ಕರಕೊಂಡು ಹೋಗಬೇಕು ಎಂದು ಅವ್ವ ಅಂದರೆ ಹೋಗಿ ಬನ್ನಿ, ಅವರ ಮನಸ್ಸಿಗೆ ಸಮಾಧಾನವಾಗುತ್ತದೆ, ಅವನಿಗೂ ಆದೀತು. ಹುಲಿಗಿಗೆ ಹೋಗುವ ದಿನವೂ ಗುಳಿಗೆ ಚೀಲದಲ್ಲಿರಲಿ.

ಸಾಲದ ಬಗ್ಗೆ ಹೆಚ್ಚು ಹೇಳುವುದು ನನ್ನ ಕೆಲಸವಲ್ಲ. ಒಂದು ನೋಟುಬುಕ್ಕಿನಲ್ಲಿ ಯಾರಿಗೆ ಎಷ್ಟು ಎಂದು ಅವನ ಜೊತೆ ಕೂತು ಬರೆಯಿರಿ. ತಲೆಯಲ್ಲಿ ಸುತ್ತುವ ಸಾಲಕ್ಕಿಂತ ಹಾಳೆ ಮೇಲಿನ ಸಾಲ ಬಹಳ ಸಲ ಚಿಕ್ಕದಾಗಿ ಕಾಣುತ್ತದೆ. ಸಂಘದ ಕಂತಿಗೆ ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಬಲವಂತದ ವಸೂಲಿ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನೇ ಬಂದಿದೆ, ಮನೆ ಮುಂದೆ ಬಂದು ಅವಮಾನ ಮಾಡಿದರೆ ಪೊಲೀಸರಿಗೆ ದೂರು ಕೊಡಬಹುದು. ಆದರೆ ಸಾಲ ತೀರಿದರೆ ಎಲ್ಲ ಸರಿಹೋಗುತ್ತದೆ ಎಂದು ಚಿಕಿತ್ಸೆಯನ್ನು ಮುಂದೂಡಬೇಡಿ. ಅಷ್ಟೇ ಸಾಲವಿರುವ ಪಕ್ಕದ ಹೊಲದವನು ರಾತ್ರಿ ನಿದ್ದೆ ಮಾಡುತ್ತಿದ್ದಾನೆ, ನಿಮ್ಮ ತಮ್ಮ ಮಾಡುತ್ತಿಲ್ಲ. ಆ ವ್ಯತ್ಯಾಸಕ್ಕೆ ಚಿಕಿತ್ಸೆ ಇದೆ.

ಎಲ್ಲ ಮಾಡಿಯೂ ಏನಾದರೂ ಕುಡಿದುಬಿಟ್ಟರೆ, ಇದನ್ನು ಎಲ್ಲ ಓದುಗರಿಗೂ ಹೇಳುತ್ತೇನೆ: 108ಕ್ಕೆ ಫೋನ್ ಮಾಡಿ, ಗಾಡಿ ತಡವಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಬಾಟಲಿಯನ್ನು ಜೊತೆಗೆ ಒಯ್ಯಿರಿ, ಅದರ ಮೇಲಿನ ಹೆಸರು ನೋಡಿ ವೈದ್ಯರು ಔಷಧಿ ಗೊತ್ತುಮಾಡುತ್ತಾರೆ. ‘ಆರಾಮ ಅದಾನ, ಬೆಳಿಗ್ಗೆ ನೋಡೋಣು’ ಎನ್ನಬೇಡಿ, ಕೆಲವು ವಿಷಗಳು ತಡವಾಗಿ ತೋರುತ್ತವೆ. ಪೊಲೀಸ್ ಕೇಸಿಗೆ ಅಂಜಿ ಆಸ್ಪತ್ರೆ ತಪ್ಪಿಸುವವರು ಈಗಲೂ ಇದ್ದಾರೆ. ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ ನಿಜ, ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅಂಥವರನ್ನು ತೀವ್ರ ಒತ್ತಡದಲ್ಲಿ ಇದ್ದವರೆಂದೇ ಕಾಣಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಗೆ ಯತ್ನಿಸುವುದನ್ನೇ ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಕಲಮು ಇಲ್ಲವೇ ಇಲ್ಲ. ಬದುಕಿ ಮನೆಗೆ ಬಂದ ಮೇಲಿನ ಮೊದಲ ಮೂರು ತಿಂಗಳು ಮತ್ತೆ ಅಪಾಯದ ಕಾಲ, ಆಗಲೂ ಮನೋವೈದ್ಯರ ಭೇಟಿ ತಪ್ಪಿಸಬೇಡಿ.

ರಾತ್ರಿ ಹೊತ್ತು ಯಾರನ್ನು ಕೇಳಲಿ ಎಂದು ನಿಮಗೆ ಅನಿಸಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಮ್ಮನೇ ಮಾಡಬೇಕೆಂದಿಲ್ಲ, ಅವನ ಬಗ್ಗೆ ಕೇಳಲು ನೀವು ಮಾಡಬಹುದು, ಅವನ ಹೆಂಡತಿ ಮಾಡಬಹುದು. ನಿಮ್ಮದೇ ಎದೆ ಒಡೆಯುವಂತಾದಾಗಲೂ ಮಾಡಬಹುದು. ಆ ಸಂಖ್ಯೆಯನ್ನು ನಿಮ್ಮ ಫೋನಿನಲ್ಲೂ ಆಕೆಯ ಫೋನಿನಲ್ಲೂ ಇಂದೇ ಹಾಕಿಡಿ. ಮಂಗಳವಾರ ವೈದ್ಯರನ್ನು ಕಂಡು ಬಂದ ಮೇಲೆ ನನಗೆ ಒಂದು ಫೋನ್ ಮಾಡಿ, ಅವರು ಕೊಟ್ಟ ಚೀಟಿ ಕೈಯಲ್ಲಿರಲಿ.